ಉಲ್ಮೆಕೆನ್ ಕಾಯ್ದ ಕಾಯಿಲುಗಳು

ಕಝಕ್ ಬಯಲಿನ ತಾಸ್ಕುದುಕ್ ಊರಿನಲ್ಲಿ ಉಲ್ಮೆಕೆನ್ ಆಪಾಳ, ಅಂದರೆ ಉಲ್ಮೆಕೆನ್ ಅಕ್ಕನ, ಹೆಸರು ಕೇಳದವರಿಲ್ಲ. ಆದರೆ ಅವಳು ಮೂವತ್ತೈದು ಚಳಿಗಾಲ ದುಡಿದ ಜಾಗವನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು ಮಂದಿ. ಅದು ಗಣಿಯವರು ಕಟ್ಟಿಸಿದ ಈಜುಕೊಳದ ನೆಲಮಾಳಿಗೆ. ಮೇಲೆ ಮಕ್ಕಳು ಚಡ್ಡಿ ತೊಟ್ಟು ನೀರಿಗೆ ಧುಮುಕುತ್ತಿರುತ್ತಾರೆ. ಗೋಡೆಯಾಚೆ ಹುಲ್ಲುಗಾವಲಿನ ಗಾಳಿ ಮೈನಸ್ ಮೂವತ್ತೈದರಲ್ಲಿ ಊಳಿಡುತ್ತಿರುತ್ತದೆ. ಆ ಗಾಳಿಯನ್ನು ಒಳಗೆ ಕರೆದು, ಕಾಯಿಸಿ, ಮಕ್ಕಳ ಮೈಮೇಲೆ ಹದವಾಗಿ ಬಿಡುವುದು ಅವಳ ಕೆಲಸವಾಗಿತ್ತು.

ಅವಳು ಹುಟ್ಟಿದ್ದು 1962ರಲ್ಲಿ, ಊರಿನಿಂದ ನಲವತ್ತು ಕಿಲೋಮೀಟರ್ ದೂರದ ಒಂದು ಕುದುರೆ ಫಾರ್ಮಿನಲ್ಲಿ. ಮನೆಗೆ ನಾಲ್ಕನೆಯ ಹೆಣ್ಣು. ಮುಂದಿನದಾದರೂ ಗಂಡಾಗಲಿ ಎಂಬ ಆಸೆಗೆ ತಂದೆ ಅವಳಿಗೆ ಉಲ್ಮೆಕೆನ್ ಎಂದು ಹೆಸರಿಟ್ಟ. ‘ಗಂಡೇನೋ’ ಎಂದು ಅದರ ಅರ್ಥ. ಐದನೆಯದೂ ಹೆಣ್ಣಾದ ಮೇಲೆ ಆತ ಹೆಸರಿನ ಉಸಾಬರಿ ಬಿಟ್ಟು, ಇದ್ದವರಲ್ಲೇ ಚುರುಕಾದವಳನ್ನು ಟ್ರ್ಯಾಕ್ಟರಿನ ಕೆಳಗೆ ಕರೆದುಕೊಂಡ. ಹತ್ತು ವರ್ಷಕ್ಕೆಲ್ಲ ಉಲ್ಮೆಕೆನ್ ಸ್ಪ್ಯಾನರಿನ ಅಳತೆಯನ್ನು ಕಣ್ಣಲ್ಲೇ ಹೇಳುತ್ತಿದ್ದಳು.

ಗಣಿಯ ಲಾರಿ ಓಡಿಸುತ್ತಿದ್ದ ಕೈರ್‌ಗೆಲ್ಡಿಯನ್ನು ಮದುವೆಯಾಗಿ ಊರಿಗೆ ಬಂದಾಗ ಅವಳಿಗೆ ಇಪ್ಪತ್ತೊಂದು. ಈಜುಕೊಳದಲ್ಲಿ ಕೋಟು ಕಾಯುವ ಕೆಲಸ ಸಿಕ್ಕಿತು. ಬಂದವರ ತುಪ್ಪಳದ ಕೋಟು ತೆಗೆದುಕೊಂಡು ಗೂಟಕ್ಕೆ ಹಾಕುವುದು, ನಂಬರಿನ ಬಿಲ್ಲೆ ಕೊಡುವುದು. ಕೋಟಿನ ಗೂಟಗಳ ಹಿಂದಿನ ಗೋಡೆಯಲ್ಲಿ ಗಾಳಿ ಬರುವ ಒಂದು ಜಾಲರಿ ಇತ್ತು. ಆ ಜಾಲರಿಯಿಂದ ಒಂದು ದಿನ ಹೊಸದೊಂದು ಸದ್ದು ಕೇಳಿಸಿತು. ಅವಳು ಮೂರು ದಿನ ಕಿವಿಗೊಟ್ಟಳು. ನಾಲ್ಕನೆಯ ದಿನ ಕಸ ಗುಡಿಸುವವಳ ಕೈಯಲ್ಲಿ ಕೆಳಗೆ ಹೇಳಿಕಳಿಸಿದಳು.

ಅರ್ಧ ಗಂಟೆಯಲ್ಲಿ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಎತ್ತರದ ಮುದುಕನೊಬ್ಬ ಬಂದ. ಯಾಕೊಬ್ ಪೆನ್ನರ್. ಜರ್ಮನ್ ಮೂಲದವನು, ಯುದ್ಧಕಾಲದಲ್ಲಿ ಹದಿಹರೆಯದಲ್ಲೇ ತಾಯಿಯ ಜೊತೆ ಈ ಬಯಲಿಗೆ ಗಡೀಪಾರಾಗಿ ಬಂದು ಇಲ್ಲಿಯವನೇ ಆದವನು. ಕಝಕ್ ಭಾಷೆಯನ್ನು ಬಯಲಿನ ಕುರಿಗಾಹಿಗಳಂತೆ ಆಡುತ್ತಿದ್ದ; ಊರವರಿಗೆ ಅವನು ‘ಅಗಾ’, ಅಂದರೆ ಅಣ್ಣ.

“ಫ್ಯಾನ್ ಕೆಮ್ತಿದೆ ಅಂತ ಹೇಳಿಕಳಿಸಿದ್ದು ಯಾರು?” ಎಂದ.

“ನಾನೇ ಯಾಕೊಬ್ ಅಗಾ. ಮೂರು ದಿನದಿಂದ ಕೆಮ್ತಿದೆ. ನಮ್ಮಪ್ಪನ ಟ್ರ್ಯಾಕ್ಟರ್ ಬೇರಿಂಗ್ ಹೋಗೋಕೆ ಮುಂಚೆ ಹೀಗೇ ಕೆಮ್ತಿತ್ತು.”

“ಬೇರಿಂಗೇ. ಈಗ ಬಿಚ್ಚಿ ನೋಡಿ ಬಂದೆ.” ಮುದುಕ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಕೋಟು ನೇತುಹಾಕೋ ಕೆಲಸಕ್ಕೆ ಈ ಕಿವಿ ದಂಡ ತಾಯಿ. ನಾಳೆಯಿಂದ ಕೆಳಗೆ ಬಾ.”

ಹೀಗೆ ಅವಳು ಕೆಳಗೆ ಇಳಿದಳು.

ಅಲ್ಲಿ ಆರು ಕಾಯಿಲುಗಳಿದ್ದವು. ಕಾಯಿಲ್ ಎಂದರೆ ಆಳೆತ್ತರದ ಒಂದು ಚೌಕಟ್ಟು. ಅದರೊಳಗೆ ಸಾಲುಸಾಲು ಕೊಳವೆ, ಕೊಳವೆಗಳ ಮೈತುಂಬ ಬಾಚಣಿಗೆಯ ಹಲ್ಲಿನಂತೆ ತೆಳು ತಗಡು. ಕೊಳವೆಯಲ್ಲಿ ಊರಿನ ಬಾಯ್ಲರಿನಿಂದ ಬಂದ ಬಿಸಿನೀರು ಹರಿಯುತ್ತದೆ, ತಗಡಿನ ಸಂದಿಯಲ್ಲಿ ಹೊರಗಿನ ಗಾಳಿ ನುಗ್ಗುತ್ತದೆ. ನೀರು ಓಡುತ್ತಿರುವವರೆಗೆ ಎಲ್ಲ ಸುಖ. ನೀರು ನಿಂತಿತೋ, ಹತ್ತು ನಿಮಿಷದಲ್ಲಿ ಕೊಳವೆಯೊಳಗೆ ಹೆಪ್ಪುಗಟ್ಟಿ, ಉಬ್ಬಿ, ಉಕ್ಕನ್ನು ಸೀಳಿಬಿಡುತ್ತದೆ. ಸೀಳಿದ್ದು ಆಗ ಕಾಣುವುದೂ ಇಲ್ಲ. ಮಂಜುಗಡ್ಡೆ ಕರಗಿದಾಗಲೇ ಅದು ಬಾಯಿ ಬಿಡುವುದು.

“ಮೊದಲು ನೀರು, ಆಮೇಲೆ ಗಾಳಿ. ನಿಲ್ಲಿಸೋವಾಗ ಮೊದಲು ಗಾಳಿ, ಆಮೇಲೆ ನೀರು. ಇಷ್ಟು ತಲೇಲಿ ಕೂತ್ರೆ ಅರ್ಧ ಕಲ್ತ ಹಾಗೆ,” ಎಂದ ಪೆನ್ನರ್. “ವಾಪಸ್ ಹೋಗೋ ಪೈಪಿನ ಮೇಲೆ ಅಂಗೈ ಇಡು. ಹತ್ತು ಎಣಿಸೋಕೆ ಮುಂಚೆ ಕೈ ತೆಗೀಬೇಕು ಅನ್ನಿಸ್ಬೇಕು. ಆಗ ಗಾಳಿ ಬಾಗಿಲು ತೆಗಿ.”

“ಇನ್ನರ್ಧ ಯಾವಾಗ ಕಲೀತೀನಿ ಅಗಾ?”

“ಒಂದು ಒಡೆದ ಮೇಲೆ.”

ಆತ ತಮಾಷೆಗೆ ಅಂದಿದ್ದಲ್ಲ. ಎರಡನೆಯ ಚಳಿಗಾಲದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಪೆನ್ನರ್ ಆಸ್ಪತ್ರೆಗೆ ಹೋಗಿದ್ದ. ಮೇಲೆ ಶಾಲೆಯ ಮಕ್ಕಳು ಬಂದು ಕೂತಿದ್ದರು, ತರಬೇತಿಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಉಲ್ಮೆಕೆನ್ ಅವಸರದಲ್ಲಿ, ಪೈಪು ಕಾಯುವ ಮೊದಲೇ, ಬರೀ ನಾಲ್ಕು ಎಣಿಸಿ ಗಾಳಿ ಬಾಗಿಲು ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಮೂರನೆಯ ಕಾಯಿಲಿನ ಮೂರು ತಿರುವುಗಳಿಂದ ನೀರು ಪಿಚಕಾರಿಯಂತೆ ಚಿಮ್ಮುತ್ತಿತ್ತು. ಅವಳು ನೀರು ಮುಚ್ಚಿ, ಒದ್ದೆ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕೂತು, ಕೆಲಸ ಹೋಯಿತು ಎಂದುಕೊಂಡಳು.

ಪೆನ್ನರ್ ಬಂದವನೇ ಬೈಯಲಿಲ್ಲ. ವೆಲ್ಡಿಂಗ್ ಮುಖವಾಡವನ್ನು ಅವಳ ತೊಡೆಯ ಮೇಲೆ ಇಟ್ಟ. “ಹರಿದವಳೇ ಹೊಲೀಬೇಕು.”

ಮೂರು ದಿನ ಹಿಡಿಯಿತು. ಮೊದಲ ದಿನ ಹಾಕಿದ ಹೊಲಿಗೆಯನ್ನು ಆತ ಸುತ್ತಿಗೆಯಲ್ಲಿ ಒಡೆದ. ಎರಡನೆಯ ದಿನದ್ದನ್ನೂ ಒಡೆದ. ಮೂರನೆಯ ದಿನ ಸುತ್ತಿಗೆ ಬಡಿದು, ಕಿವಿಯಿಟ್ಟು ಕೇಳಿ, ಏನೂ ಅನ್ನದೆ ಚಹಾ ಕುಡಿಯಲು ಹೋದ. ಅವನ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಮನೆಯಲ್ಲಿ ಅತ್ತೆ ಕಾತಿಶಾಗೆ ಇದೊಂದೂ ಹಿಡಿಸುತ್ತಿರಲಿಲ್ಲ. ಸೊಸೆಯ ಹುಬ್ಬು ಸುಟ್ಟದ್ದನ್ನು ನೋಡಿ ಪಕ್ಕದ ಮನೆಯವಳಿಗೆ ಕೇಳಿಸುವಂತೆಯೇ ಅಂದಳು: “ಊರಿನ ಸೊಸೆಯಂದಿರೆಲ್ಲ ಗಂಡನ ಅಂಗಿ ಹೊಲೀತಾರೆ. ನಮ್ಮನೆಯವಳು ಪೈಪು ಹೊಲೀತಾಳೆ. ನಮ್ಮ ಕೈರ್‌ಗೆಲ್ಡಿ ಯಾರನ್ನ ಕಟ್ಕೊಂಡ್ನೋ ಏನೋ, ಅವಳಂತೂ ಬಾಯ್ಲರನ್ನ ಕಟ್ಕೊಂಡಿದಾಳೆ.”

“ಬಾಯ್ಲರ್ ಬೈಯಲ್ಲ ಅತ್ತೆ,” ಎಂದಳು ಉಲ್ಮೆಕೆನ್ ಚಹಾ ಬಗ್ಗಿಸುತ್ತ.

ಕಾಲ ಕೆಟ್ಟಿತು. ಹಳೆಯ ಒಕ್ಕೂಟ ಒಡೆದು ದೇಶ ಹೊಸದಾಯಿತು, ಹಳೆಯ ಗಣಿಯ ಗಾಲಿಗಳು ನಿಂತವು. ಪೆನ್ನರ್ 1993ರಲ್ಲಿ ಮಗಳ ಜೊತೆ ಜರ್ಮನಿಗೆ ಹೊರಟ. ಹೊರಡುವ ದಿನ ನೆಲಮಾಳಿಗೆಗೆ ಬಂದು ಒಂದೊಂದು ಕಾಯಿಲಿನ ಮೇಲೂ ಕೈಯಾಡಿಸಿ, ಅವಳ ಕಡೆ ತಿರುಗದೆ, “ಇವು ನಿನ್ನವು” ಎಂದಷ್ಟೇ ಹೇಳಿದ.

1996ರ ನವೆಂಬರ್. ಒಂದು ಬೆಳಿಗ್ಗೆ ಅವಳು ಎಂದಿನಂತೆ ಪೈಪಿನ ಮೇಲೆ ಅಂಗೈ ಇಟ್ಟಳು. ಇಪ್ಪತ್ತು ಎಣಿಸಿದಳು, ಮೂವತ್ತು ಎಣಿಸಿದಳು. ಕೈ ತೆಗೆಯಬೇಕು ಅನ್ನಿಸಲಿಲ್ಲ. ಬಾಯ್ಲರ್ ಮನೆಗೆ ಫೋನು ಮಾಡಿದಳು.

“ಕಲ್ಲಿದ್ದಲಿನ ವ್ಯಾಗನ್ ಬಂದಿಲ್ಲ ಉಲ್ಮೆಕೆನ್,” ಎಂದ ಅಲ್ಲಿದ್ದವನು. “ಮೂರು ಬಾಯ್ಲರಲ್ಲಿ ಒಂದು ಉರೀತಿದೆ. ಅದೂ ಸಂಜೆವರೆಗೆ ಇದ್ರೆ ಪುಣ್ಯ.”

“ಬೇರೆಯವರಿಗೆ ಹೇಳಿದ್ರಾ?”

“ಹೇಳಬೇಡ ಅಂದಿದಾರೆ, ಜನ ಗಾಬರಿಯಾಗ್ತಾರಂತೆ. ನೀನು ಕೇಳ್ದೆ, ಹೇಳ್ದೆ.”

ಈಜುಕೊಳದ ಅಂದಿನ ನಿರ್ದೇಶಕ ಜಿಲ್ಲಾ ಪಟ್ಟಣಕ್ಕೆ ಹೋಗಿದ್ದ. ಬರೆದುಕೊಟ್ಟ ಅಪ್ಪಣೆಯಿಲ್ಲದೆ ನೀರು ಖಾಲಿ ಮಾಡುವಂತಿರಲಿಲ್ಲ. ಉಲ್ಮೆಕೆನ್ ಕಿಟಕಿಯಾಚೆ ನೋಡಿದಳು. ಆಕಾಶ ತಿಳಿಯಾಗಿತ್ತು, ಒಂದು ಚೂರು ಮೋಡವಿಲ್ಲ. ಬಯಲಿನಲ್ಲಿ ಬೆಳೆದವರಿಗೆ ಅದರ ಅರ್ಥ ಗೊತ್ತು. ಸಂಜೆಗೆ ಚಳಿ ಬೀಳುತ್ತದೆ, ಬಿದ್ದರೆ ಏಳುವುದಿಲ್ಲ. ಅವಳು ಮೊದಲ ಕಾಯಿಲಿನ ಕೆಳಗಿನ ತಿರುಪು ಬಿಚ್ಚಿದಳು.

ಆದರೆ ತಿರುಪು ಬಿಚ್ಚಿದ ಮಾತ್ರಕ್ಕೆ ಎಲ್ಲ ನೀರೂ ಹೋಗುವುದಿಲ್ಲ. ಮಲಗಿದ ಕೊಳವೆಗಳ ಹೊಟ್ಟೆಯಲ್ಲಿ ಬೊಗಸೆ ಬೊಗಸೆ ಉಳಿದೇ ಇರುತ್ತದೆ, ಒಡೆಯಲು ಅಷ್ಟೇ ಸಾಕು. ಅದನ್ನು ಗಾಳಿ ಊದಿ ಹೊರಗೆ ಹಾಕಬೇಕು. ಈಜುಕೊಳದ ಗಾಳಿ ಊದುವ ಯಂತ್ರವನ್ನು ಯಾರೋ ಆ ಬೇಸಿಗೆಯಲ್ಲೇ ಮಾರಿಕೊಂಡಿದ್ದರು. ಅವಳು ಮನೆಗೆ ಓಡಿದಳು. ಕೈರ್‌ಗೆಲ್ಡಿ ಕೆಲಸವಿಲ್ಲದೆ ಅಂಗಳದಲ್ಲಿ ಲಾರಿಯ ಮುಂದೆ ಕೂತಿದ್ದ.

“ನಿನ್ನ ಲಾರಿ ಚಕ್ರಕ್ಕೆ ಗಾಳಿ ತುಂಬುತ್ತಲ್ಲ?”

“ತುಂಬುತ್ತೆ.”

“ಹಾಗಾದ್ರೆ ನನ್ನ ಕಾಯಿಲಿಗೂ ಊದುತ್ತೆ. ಏಳು.”

ಲಾರಿಯನ್ನು ಹಿಂದಕ್ಕೆ ಬಿಟ್ಟುಕೊಂಡು ನೆಲಮಾಳಿಗೆಯ ಕಿಟಕಿಗೆ ತಾಗಿಸಿ ನಿಲ್ಲಿಸಿದರು. ಚಕ್ರಕ್ಕೆ ಗಾಳಿ ಹಿಡಿಯುವ ರಬ್ಬರ್ ಕೊಳವೆಯನ್ನು ಒಳಗೆ ಇಳಿಬಿಟ್ಟರು. ಒಂದೊಂದು ಕಾಯಿಲಿಗೆ ಮೂರು ಮೂರು ಸಲ ಊದಬೇಕು. ಮೊದಲು ನೀರು ಬರುತ್ತದೆ, ಆಮೇಲೆ ತುಂತುರು, ಆಮೇಲೆ ಬರೀ ಉಸಿರು. ಆ ಉಸಿರಿಗೆ ಅವಳು ತನ್ನ ಕೈಗನ್ನಡಿ ಹಿಡಿಯುತ್ತಿದ್ದಳು. ಕನ್ನಡಿ ಮಂಜಾದರೆ ಮತ್ತೊಮ್ಮೆ. ನಾಲ್ಕನೆಯ ಕಾಯಿಲಿನ ಹೊತ್ತಿಗೆ ಅತ್ತೆ ಕಾತಿಶಾ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಬೌರ್ಸಾಕನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಹಾಲಿನ ಚಹಾ ಹಿಡಿದುಕೊಂಡು ಬಂದಳು.

“ಗಂಡನ್ನೂ ನೆಲಮಾಳಿಗೆಗೆ ಇಳಿಸಿದ್ಯಾ? ಇನ್ನುಳಿದೋಳು ನಾನೊಬ್ಬಳೇ,” ಎಂದು ಗೊಣಗಿದಳು. ಆದರೆ ಹೊರಟುಹೋಗಲಿಲ್ಲ. ಕನ್ನಡಿ ಹಿಡಿಯುವ ಕೆಲಸವನ್ನು ತಾನೇ ತೆಗೆದುಕೊಂಡಳು. “ಮಂಜಾಯ್ತು ಕಣೇ, ಮತ್ತೆ ಊದು… ಇನ್ನೂ ಇದೆ, ಇನ್ನೂ ಇದೆ. ಅರೆಬರೆ ಕೆಲಸ ಮಾಡ್ಬೇಡ.”

ಹೊತ್ತು ಮುಳುಗುವಷ್ಟರಲ್ಲಿ ಆರೂ ಒಣಗಿದವು.

ಮೂರನೆಯ ದಿನ ನಿರ್ದೇಶಕ ಬಂದು ಕೂಗಾಡಿದ. “ಯಾರನ್ನ ಕೇಳಿ ಖಾಲಿ ಮಾಡ್ದೆ? ಇದೇನು ನಿಮ್ಮಪ್ಪನ ಮನೇಲಿ ಚಹಾ ಕಾಯಿಸೋ ಸಮೋವಾರಾ?” ಆದರೆ ಅಷ್ಟರಲ್ಲಿ ಊರೆಲ್ಲ ಸುದ್ದಿಯಾಗಿತ್ತು. ಸಂಸ್ಕೃತಿ ಭವನದ ಕಾಯಿಲುಗಳು ಒಡೆದಿದ್ದವು. ಎರಡು ಶಾಲೆಗಳವೂ ಒಡೆದಿದ್ದವು. ಅಂಗಡಿ ಸಾಲಿನ ನೆಲದ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಈಜುಕೊಳದ ಆರು ಕಾಯಿಲುಗಳು ಮಾತ್ರ ಒಣಗಿದ ಎಲುಬಿನಂತೆ ಖಾಲಿಯಾಗಿ, ಇಡಿಯಾಗಿ ನಿಂತಿದ್ದವು. ನಿರ್ದೇಶಕ ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದವಳು ಕಾತಿಶಾ. ಬಾವಿಯ ಹತ್ತಿರ, ಸಂತೆಯಲ್ಲಿ, ಮದುವೆ ಮನೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು: “ಊರಿಗೆಲ್ಲ ಒಡೀತು, ನಮ್ಮ ಸೊಸೆ ಕೈಯಲ್ಲಿದ್ದದ್ದು ಒಂದೂ ಒಡೀಲಿಲ್ಲ. ಕನ್ನಡಿ ಹಿಡಿದವಳು ನಾನು.”

ಈಜುಕೊಳಕ್ಕೆ ಬೀಗ ಬಿತ್ತು. ಏಳು ವರ್ಷ ಅದು ತೆಗೆಯಲಿಲ್ಲ. ಉಲ್ಮೆಕೆನ್ ಬ್ರೆಡ್ಡಿನ ಬೇಕರಿಯಲ್ಲಿ ದುಡಿದಳು, ಮೂವರು ಮಕ್ಕಳನ್ನು ಬೆಳೆಸಿದಳು. ಆದರೆ ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ನೆಲಮಾಳಿಗೆಗೆ ಹೋಗಿ ಫ್ಯಾನಿನ ರೆಕ್ಕೆಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ ಬರುತ್ತಿದ್ದಳು. ನಿಂತಲ್ಲೇ ನಿಂತರೆ ಬೇರಿಂಗ್ ಹಿಡಿದುಕೊಳ್ಳುತ್ತದೆ ಎಂದು. ಒಂದು ಭಾನುವಾರ ಇಬ್ಬರು ಗಂಡಸರು ಗರಗಸ ಹಿಡಿದು ಕಾಯಿಲುಗಳ ಮುಂದೆ ನಿಂತಿದ್ದರು. ತಗಡಿನ ಅಲ್ಯೂಮಿನಿಯಂ ಆಗ ಚೆನ್ನಾಗಿ ಮಾರಾಟವಾಗುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ಅವರಲ್ಲಿ ಒಬ್ಬನ ಮುಖ ನೋಡಿದಳು.

“ನೀನು ಜುಮಾಬೆಕ್ ಅಲ್ವೇನೋ? ನೀರಿಗೆ ಹೆದರಿ ಏಣಿ ಹಿಡ್ಕೊಂಡು ಅಳ್ತಿದ್ದೋನು?”

ಆತ ಗರಗಸವನ್ನು ಬೆನ್ನ ಹಿಂದೆ ಮಾಡಿಕೊಂಡ. “ಆಮೇಲೆ ಕಲಿತೆ ಆಪಾ,” ಎಂದ.

“ಬೆಚ್ಚಗಿತ್ತು, ಅದಕ್ಕೇ ಕಲಿತೆ. ನಿನ್ನ ಮಕ್ಕಳು ಕಲೀಬೇಡ್ವಾ? ನಡಿ.”

ಇಬ್ಬರೂ ಹೋದರು. ಮುಂದಿನ ವಾರ ಜುಮಾಬೆಕನೇ ಬಂದು ಕಿಟಕಿಗೆ ಕಬ್ಬಿಣದ ಪಟ್ಟಿ ಹೊಡೆದು ಹೋದ.

2003ರಲ್ಲಿ ಗಣಿಗೆ ಹೊಸ ಯಜಮಾನರು ಬಂದರು, ಈಜುಕೊಳ ತೆಗೆಯುವ ಮಾತು ಬಂತು. ಪರೀಕ್ಷೆಗೆಂದು ಐದು ಜನ ಟೋಪಿ ಹಾಕಿಕೊಂಡು ಕೆಳಗಿಳಿದರು. ಎಲ್ಲ ಕಿತ್ತು ಹೊಸದು ಹಾಕಬೇಕೆಂದು ಬರೆದುಕೊಳ್ಳಲು ಕಾಗದ ಸಿದ್ಧವಾಗಿತ್ತು. ಉಲ್ಮೆಕೆನ್ ಬೇಕರಿಯ ಬಿಳಿ ಅಂಗಿಯಲ್ಲೇ ಬಂದು, ತಿರುಪುಗಳನ್ನು ಮುಚ್ಚಿ, ನಿಧಾನವಾಗಿ ನೀರು ಬಿಟ್ಟಳು. ಐವರೂ ಟಾರ್ಚು ಹಿಡಿದು ಕೊಳವೆಯ ಒಂದೊಂದು ತಿರುವನ್ನೂ ನೋಡಿದರು. ಐದನೆಯ ಕಾಯಿಲಿನ ಒಂದು ಜೋಡಣೆಯಲ್ಲಿ ಎರಡು ಹನಿ ಬಿತ್ತು. ಅವಳು ರಬ್ಬರಿನ ಬಳೆ ಬದಲಿಸಿ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿದಳು, ನಿಂತಿತು. ಐವರಲ್ಲಿ ಹಿರಿಯನಾದವನು ಟೋಪಿ ತೆಗೆದ. ಅದು ಸೆಕೆಗೋ ಗೌರವಕ್ಕೋ ಅವಳಿಗೆ ತಿಳಿಯಲಿಲ್ಲ. ಆದರೂ ಆ ದಿನ ಮನೆಗೆ ನಡೆದು ಹೋಗುವಾಗ ಬೇಕೆಂದೇ ದೊಡ್ಡ ಬೀದಿಯಲ್ಲಿ ಹೋದಳು. ಈಜುಕೊಳ ತೆಗೆದಾಗ ಬೇಕರಿ ಬಿಟ್ಟು ಮತ್ತೆ ಕೆಳಗಿಳಿದಳು.

ಅವಳ ಬಾಳಿನ ಇನ್ನೊಂದು ದೊಡ್ಡ ದಿನ ಬಂದದ್ದು ಹನ್ನೆರಡು ವರ್ಷದ ನಂತರ. ಹಳೆಯ ಆರು ಕಾಯಿಲುಗಳಿಗೆ ವಯಸ್ಸಾಗಿತ್ತು. ಅವುಗಳ ಜಾಗಕ್ಕೆ ಹೊರದೇಶದ ಹೊಸ ಯಂತ್ರ ಬಂತು. ಕೋಣೆಯಷ್ಟು ದೊಡ್ಡ ಬಿಳಿ ತಗಡಿನ ಪೆಟ್ಟಿಗೆ. ಈಜುಕೊಳದ ಒಳಗಿನ ಬೆಚ್ಚನೆ ಗಾಳಿಯಲ್ಲಿ ಒಂದಿಷ್ಟನ್ನು ಹೊರಗಿನ ಚಳಿ ಗಾಳಿಗೆ ಬೆರೆಸಿ, ಕಾಯಿಲಿನಲ್ಲಿ ಕಾಯಿಸಿ ಮೇಲೆ ಕಳಿಸುವುದು ಅದರ ಉಪಾಯ. ಕಾಯಿಲಿನ ಮೈಮೇಲೆ ಹಾವಿನಂತೆ ಸುತ್ತಿ ಹಾಕಿದ, ನೂಲಿನಷ್ಟು ಸಣ್ಣ ತಾಮ್ರದ ಕೊಳವೆಯೊಂದಿತ್ತು. ಅದರ ಯಾವ ಗೇಣು ತಣ್ಣಗಾದರೂ ಸರಿ, ಹೆಪ್ಪುಗಟ್ಟುವ ಮೊದಲೇ ಅದು ಫ್ಯಾನ್ ನಿಲ್ಲಿಸಿ ಗಾಳಿ ಬಾಗಿಲು ಮುಚ್ಚಿಬಿಡುತ್ತದೆ. ಉಲ್ಮೆಕೆನ್ ಅದಕ್ಕೆ ‘ಕಾವಲುಗಾರ’ ಎಂದು ಹೆಸರಿಟ್ಟಳು. ಅವಳಿಗೆ ಇಡೀ ಯಂತ್ರದಲ್ಲಿ ಹಿಡಿಸಿದ್ದು ಅದೊಂದೇ.

ಡಿಸೆಂಬರಿನ ಚಳಿ ಬಿದ್ದದ್ದೇ ತಡ, ಕಾವಲುಗಾರ ಪ್ರತಿ ಬೆಳಿಗ್ಗೆ ಏಳಕ್ಕೆ ಯಂತ್ರ ನಿಲ್ಲಿಸತೊಡಗಿದ. ಮೇಲೆ ಹಬೆ ತುಂಬಿ ಗಾಜಿನ ಗೋಡೆಯಿಂದ ನೀರು ಸುರಿಯುತ್ತಿತ್ತು, ಮಕ್ಕಳಿಗೆ ಎದುರಿನ ದಡ ಕಾಣುತ್ತಿರಲಿಲ್ಲ. ಜನವರಿ ಹೀಗೇ ಕಳೆಯಿತು. ಫೆಬ್ರವರಿಯಲ್ಲಿ ಹದಿನಾಲ್ಕು ಊರುಗಳ ಮಕ್ಕಳ ಈಜು ಪಂದ್ಯ ತಾಸ್ಕುದುಕಿನಲ್ಲಿ ನಡೆಯುವುದೆಂದು ನಿಗದಿಯಾಗಿತ್ತು. ಊರಿಗೆ ಅಂಥ ಮರ್ಯಾದೆ ಬಂದದ್ದು ಅದೇ ಮೊದಲು. ನಿರ್ದೇಶಕ ಎರ್ಗಾಜಿ, ತಾನೂ ಇದೇ ನೀರಿನಲ್ಲಿ ಈಜು ಕಲಿತವನು, ರಾಜಧಾನಿಗೆ ಫೋನಿನ ಮೇಲೆ ಫೋನು ಮಾಡಿ, ಯಂತ್ರ ಕೂರಿಸಿದ ಎಂಜಿನಿಯರ್ ಮಿರಾಸನನ್ನು ಕರೆಸಿದ. ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು.

ಮಿರಾಸ್ ಒಳ್ಳೆಯ ಹುಡುಗ, ಓದಿದವನು. ಕಂಪ್ಯೂಟರ್ ತೆರೆದು ನೋಡಿದ. ಆಮೇಲೆ ಬೆರಳುದ್ದದ ಒಂದು ತುಂಡು ತಂತಿ ತೆಗೆದು ಕಾವಲುಗಾರನ ಎರಡು ತಿರುಪುಗಳ ನಡುವೆ ಕಟ್ಟಿದ.

“ಏನಪ್ಪ ಅದು?” ಎಂದಳು ಉಲ್ಮೆಕೆನ್.

“ಇದು ಸ್ವಲ್ಪ ಜಾಸ್ತಿ ಸೂಕ್ಷ್ಮ ಆಪಾ. ಏನೂ ಇಲ್ಲದ್ದಕ್ಕೆ ಕೂಗ್ಕೊಳ್ತಿದೆ. ಪಂದ್ಯ ಮುಗಿಯೋವರೆಗೆ ಸುಮ್ನಿರಿಸಿದೀನಿ, ಅಷ್ಟೇ.”

“ನಾಯಿ ಬೊಗಳುತ್ತೆ ಅಂತ ನಾಯಿ ಬಾಯಿ ಕಟ್ತೀಯಾ? ಕಳ್ಳ ಎಲ್ಲಿದಾನೆ ಅಂತ ನೋಡೋದು ಬೇಡ್ವಾ?”

“ಕಳ್ಳನೇ ಇಲ್ಲ ಆಪಾ. ಕಾಯಿಲಿಗೆ ಬರ್ತಿರೋ ಗಾಳಿ ಎಂಟು ಡಿಗ್ರಿ ಇದೆ. ಇಲ್ನೋಡಿ, ಸರಾಸರಿ ತೋರಿಸ್ತಿದೆ.”

“ತಲೆ ಒಲೆ ಮೇಲೆ, ಕಾಲು ಹಿಮದಲ್ಲಿ ಇಟ್ಕೊಂಡೋನಿಗೂ ಸರಾಸರಿ ಬೆಚ್ಚಗೇ ಇರುತ್ತೆ ಕಣಪ್ಪ.”

ಹಾಗೆಂದವಳೇ ತಂತಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಮಿರಾಸನ ಕಿವಿ ಕೆಂಪಾಯಿತು. ಎರ್ಗಾಜಿ ಕೆಳಗೆ ಬಂದ.

“ಆಪಾ, ಮಕ್ಕಳು ಬರ್ತಿದಾರೆ. ಯಂತ್ರ ನಿಂತ್ರೆ ಊರಿನ ಮಾನ ಹೋಗುತ್ತೆ.”

“ನಿಂತ್ರೆ ಮಾನ ಹೋಗುತ್ತೆ, ಒಡೆದ್ರೆ ಈಜುಕೊಳವೇ ಹೋಗುತ್ತೆ ಎರ್ಗಾಜಿ. ಈ ಕಾಯಿಲ್ ತಾಮ್ರದ್ದು, ಮೊದಲಿನ ಹಾಗೆ ನಾನು ಹೊಲಿಯೋಕೆ ಆಗಲ್ಲ. ನಂಗೆ ಒಂದೇ ಒಂದು ದಿನ ಕೊಡು. ಅಷ್ಟರಲ್ಲಿ ಕಳ್ಳನ್ನ ತೋರಿಸ್ದೇ ಇದ್ರೆ ಈ ತಂತೀನ ನಾನೇ ಕಟ್ತೀನಿ, ಕಟ್ಟಿ ಮನೆಗೆ ಹೋಗ್ತೀನಿ.”

ಎರ್ಗಾಜಿ ಅವಳನ್ನೂ ಮಿರಾಸನನ್ನೂ ನೋಡಿದ. “ಒಂದು ದಿನ,” ಎಂದ.

ಮರುದಿನ ಬೆಳಿಗ್ಗೆ ಅವಳು ಮನೆಯಿಂದ ಹಳೆಯ ಹಾಸಿಗೆ ಹೊದಿಕೆಯೊಂದನ್ನು ತಂದು ನಲವತ್ತು ಪಟ್ಟಿಗಳಾಗಿ ಹರಿದಳು. ಬಕೆಟ್ಟಿನ ನೀರಿನಲ್ಲಿ ಅದ್ದಿ ಹಿಂಡಿದಳು. ಯಂತ್ರ ನಿಲ್ಲಿಸಿ, ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು, ಕಾಯಿಲಿನ ಮುಂದೆ ಐದು ದಾರ ಅಡ್ಡ ಕಟ್ಟಿ, ಒಂದೊಂದು ದಾರಕ್ಕೆ ಎಂಟೆಂಟು ಪಟ್ಟಿ ನೇತುಹಾಕಿದಳು. ಮಿರಾಸ್ ಕೈಕಟ್ಟಿ ನಿಂತು ನೋಡುತ್ತಿದ್ದ.

“ಬಟ್ಟೆ ಒಣಗಿಸ್ತೀರಾ ಆಪಾ?”

“ಒಣಗಲ್ಲ. ನೋಡ್ತಿರು.”

ಹೊರಗೆ ಮೈನಸ್ ಮೂವತ್ತೊಂದಿತ್ತು. ಬಾಗಿಲು ಮುಚ್ಚಿ ಯಂತ್ರ ಓಡಿಸಿದರು. ಹದಿನಾಲ್ಕನೆಯ ನಿಮಿಷಕ್ಕೆ ಕಾವಲುಗಾರ ಯಂತ್ರ ನಿಲ್ಲಿಸಿದ. ಅವಳು ಬಾಗಿಲು ತೆಗೆದಳು.

ಮೇಲಿನ ಮೂರು ಸಾಲಿನ ಪಟ್ಟಿಗಳು ಒದ್ದೆಯಾಗಿ, ಮೆತ್ತಗೆ ಜೋತಾಡುತ್ತಿದ್ದವು. ನಾಲ್ಕನೆಯದರ ಅಂಚು ಬೆಳ್ಳಗಾಗಿತ್ತು. ಎಲ್ಲಕ್ಕಿಂತ ಕೆಳಗಿನ ಸಾಲಿನ ಎಡಗಡೆಯ ಐದು ಪಟ್ಟಿಗಳು ಒಣಮೀನಿನಂತೆ ಸೆಟೆದು ನಿಂತಿದ್ದವು. ಉಲ್ಮೆಕೆನ್ ಒಂದನ್ನು ದಾರದಿಂದ ಬಿಡಿಸಿ ಮಿರಾಸನ ಕೈಗೆ ಕೊಟ್ಟಳು. ಅದು ಅವನ ಕೈಯಲ್ಲಿ ಪಟ್ಟೆಂದು ಮುರಿಯಿತು.

“ತಗೋ ನಿನ್ನ ಎಂಟು ಡಿಗ್ರಿ,” ಎಂದಳು.

ಅವನು ಪೆಟ್ಟಿಗೆಯೊಳಗೆ ಮಂಡಿಯೂರಿ ಹೋಗಿ ಮೇಲೆ ಕೆಳಗೆ ಟಾರ್ಚು ಬಿಟ್ಟ. “ಬೆರೀತಾನೇ ಇಲ್ಲ,” ಎಂದ. ಈಗ ಅವನ ದನಿ ಬೇರೆಯಾಗಿತ್ತು. “ಬಿಸಿ ಗಾಳಿ ಮೇಲಿಂದ ಬಂದು ಮೇಲೇ ಹೋಗ್ತಿದೆ. ಚಳಿ ಗಾಳಿ ಬಾಗಿಲಿನ ರೆಕ್ಕೆ ಕೆಳಗಡೆ ಬಾಗಿದೆ, ನೆಲ ಹಿಡ್ಕೊಂಡು ಹರೀತಿದೆ. ಕಾವಲುಗಾರ ಸರಿಯಾಗೇ ಕೂಗ್ತಿದ್ದ ಆಪಾ.”

“ಒಂದೇ ಮನೇಲಿ ಇಬ್ಬರು ಸೊಸೆಯಂದಿರು, ಮಾತು ಬಿಟ್ಟಿದಾರೆ. ಎದುರುಬದುರು ಕೂರಿಸಿದ್ರೆ ಬೆರೀತಾರೆ. ಚಳಿ ಗಾಳಿ ಬಾಗಿಲಿನ ಚೌಕಟ್ಟು ಬಿಚ್ಚಿ ತಲೆಕೆಳಗು ಮಾಡೋಣ. ಆಗ ರೆಕ್ಕೆ ಮೇಲಕ್ಕೆ ನೋಡುತ್ತೆ, ಚಳಿ ಮೇಲಕ್ಕೆ ನುಗ್ಗುತ್ತೆ. ಬಿಸಿ ಗಾಳೀನ ಕೆಳಗೆ ಒತ್ತೋಕೆ ಒಂದು ಓರೆ ತಗಡು.”

“ಬಾಗಿಲು ಬಿಚ್ಚಿದ್ರೆ ಕಂಪನಿಯವರು ಗ್ಯಾರಂಟಿ ರದ್ದು ಮಾಡ್ತಾರೆ,” ಎಂದ ಮಿರಾಸ್, ಎರ್ಗಾಜಿಯ ಕಡೆ ನೋಡುತ್ತ.

ಎರ್ಗಾಜಿ ಮುರಿದ ಬಟ್ಟೆಯ ತುಂಡನ್ನು ಬೆರಳಲ್ಲಿ ತಿರುಗಿಸುತ್ತಿದ್ದ. “ಮಕ್ಕಳು ಗ್ಯಾರಂಟಿ ಕಾಗದ ಹೊದ್ಕೊಂಡು ಈಜ್ತಾರೇನೋ? ಬಿಚ್ಚು. ಸಹಿ ನಾನು ಹಾಕ್ತೀನಿ.”

ಹದಿನಾರು ಬೋಲ್ಟುಗಳಿದ್ದವು. ಮಿರಾಸನೇ ಕೋಟು ಕಳಚಿ ಬಿಚ್ಚಿದ. ಹಳೆಯ ಯಂತ್ರದ ಮುಚ್ಚಳದ ತಗಡು ಮೂಲೆಯಲ್ಲಿ ಬಿದ್ದಿತ್ತು. ಉಲ್ಮೆಕೆನ್ ಅದನ್ನು ಅಳೆದು, ಕತ್ತರಿಸಿ, ಅಂಚು ಮಡಿಸಿ, ಛಾವಣಿಯಿಂದ ಓರೆಯಾಗಿ ಇಳಿಬಿಟ್ಟಳು. ತಗಡು ಎಷ್ಟು ಓರೆಯಿರಬೇಕು ಎಂಬುದಕ್ಕೆ ಇಬ್ಬರಿಗೂ ಜಗಳವಾಯಿತು. ಮಿರಾಸ್ ಲೆಕ್ಕ ಹಾಕಿ ಒಂದು ಹೇಳಿದ, ಅವಳು ಕೈಯಲ್ಲಿ ಗಾಳಿ ಹಿಡಿದು ಇನ್ನೊಂದು ಹೇಳಿದಳು. ಮೊದಲು ಅವಳ ಮಾತಿನಂತೆ ಕಟ್ಟಿ ಓಡಿಸಿದರು; ಬಲಗಡೆ ಎರಡು ಪಟ್ಟಿ ಬೆಳ್ಳಗಾದವು. ಅವನ ಮಾತಿನಂತೆ ಎರಡು ಬೆರಳು ಇಳಿಸಿದರು. ಈ ಸಲ ಅರ್ಧ ಗಂಟೆ ಕಾದರು. ಯಂತ್ರ ನಿಲ್ಲಲಿಲ್ಲ. ಬಾಗಿಲು ತೆಗೆದು ನೋಡಿದರೆ ಎಲ್ಲ ಪಟ್ಟಿಗಳೂ ಒಂದೇ ಸಮನೆ ಒದ್ದೆಯಾಗಿ, ಮೆತ್ತಗೆ, ಒಗೆದ ಬಟ್ಟೆಯಂತೆ ಅಲ್ಲಾಡುತ್ತಿದ್ದವು.

“ಓರೆ ವಿಷಯದಲ್ಲಿ ನೀನೇ ಗೆದ್ದೆ ಮಗನೇ,” ಎಂದಳು ಉಲ್ಮೆಕೆನ್. ಸೋತದ್ದಕ್ಕೆ ಅವಳಿಗೆ ಕಿಂಚಿತ್ತೂ ಬೇಸರವಾಗಲಿಲ್ಲ. ಇವನ ಕೈಯೂ ಸುಮ್ಮನೆ ಅಲ್ಲ ಎಂದುಕೊಂಡಳು.

ಮಿರಾಸ್ ಬಕೆಟ್ಟು ಬೋರಲು ಹಾಕಿ ಕೂತು, ಬಟ್ಟೆ ಪಟ್ಟಿಗಳ ಸಾಲನ್ನು, ಓರೆ ತಗಡನ್ನು ಕಾಗದದ ಮೇಲೆ ಬರೆದುಕೊಂಡ. “ಆಪಾ, ಇದನ್ನ ನಮ್ಮವರಿಗೆ ತೋರಿಸ್ಬಹುದಾ?”

“ತೋರಿಸಪ್ಪ. ಹಳೇ ಹೊದಿಕೆ ಎಲ್ಲರ ಮನೇಲೂ ಇರುತ್ತೆ.”

ಆಮೇಲೆ ಅವನು ಉತ್ತರದ ಯಾವ ಊರಲ್ಲಿ ಯಂತ್ರ ಕೂರಿಸಲು ಹೋದರೂ ಹಳೆಯ ಬಟ್ಟೆ ಒಯ್ಯುತ್ತಾನಂತೆ. ವಸಂತದ ಹೊಸವರ್ಷದ ನೌರಿಜ್ ಹಬ್ಬಕ್ಕೆ ಫೋನು ಮಾಡಿದಾಗಲೆಲ್ಲ ಅವಳಿಗೆ ಲೆಕ್ಕ ಒಪ್ಪಿಸುತ್ತಾನೆ: ಈ ವರ್ಷ ಎಷ್ಟು ಕಡೆ ಕಳ್ಳ ಸಿಕ್ಕ ಎಂದು.

ಪಂದ್ಯದ ದಿನ ಮೈನಸ್ ನಲವತ್ತೊಂದಿತ್ತು. ಊರಿನ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಹಿಂದಿನ ದಿನವೇ ಬಂದಿಳಿದಿದ್ದ ಬಸ್ಸುಗಳ ಎಂಜಿನ್ನಿಗೆ ಚಾಲಕರು ಕಂಬಳಿ ಹೊದಿಸಿದ್ದರು. ಉಲ್ಮೆಕೆನ್ ಬೆಳಿಗ್ಗೆ ಐದಕ್ಕೇ ಕೆಳಗಿಳಿದಿದ್ದಳು. ಕಾಯಿಲಿನ ಕೆಳ ಎಡ ಮೂಲೆಗೆ ಒಂದು ಥರ್ಮಾಮೀಟರ್ ಕಟ್ಟಿದ್ದಳು, ಗಳಿಗೆಗೊಮ್ಮೆ ಅದನ್ನು ನೋಡುತ್ತಿದ್ದಳು. ಆರು ಡಿಗ್ರಿ. ಏಳು. ಮತ್ತೆ ಆರು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಏಳು ಗಂಟೆ ದಾಟಿತು, ಎಂಟು ದಾಟಿತು. ಕಾವಲುಗಾರ ತುಟಿ ಪಿಟಕ್ಕೆನ್ನಲಿಲ್ಲ. ಮೇಲೆ ಸೀಟಿ ಊದಿದ್ದು, ನೀರು ಚಿಮ್ಮಿದ್ದು, ಜನ ಕೂಗಿದ್ದು ಕಾಂಕ್ರೀಟಿನ ಮೂಲಕ ಕೇಳಿಸಿತು.

ಮಧ್ಯಾಹ್ನ ಎರ್ಗಾಜಿ ಕೆಳಗೆ ಬಂದ. “ಆಪಾ, ನಡೀರಿ ಮೇಲೆ.”

“ಯಂತ್ರ ಯಾರು ನೋಡ್ತಾರೆ?”

“ಮಿರಾಸ್ ನೋಡ್ತಾನೆ, ಅದಕ್ಕೇ ಉಳ್ಕೊಂಡಿದಾನೆ. ಇವತ್ತು ನಿರ್ದೇಶಕ ನಾನು. ನನ್ನ ಮಾತು ಕೇಳ್ಬೇಕು.”

ಅವಳು ಕೈ ತೊಳೆದು, ತಲೆಯ ಬಟ್ಟೆ ಸರಿಪಡಿಸಿಕೊಂಡು ಮೇಲೆ ಹೋದಳು. ನೋಡುವವರ ಮೆಟ್ಟಿಲು ಸಾಲು ಕಿಕ್ಕಿರಿದಿತ್ತು. ಗಾಜಿನ ಗೋಡೆ ಒಣಗಿ ಹೊಳೆಯುತ್ತಿತ್ತು. ಆಚೆ ಬಿಳಿ ಬಯಲು, ನೆಟ್ಟಗೆ ಮೇಲೇರುವ ಚಿಮಣಿಯ ಹೊಗೆ ಚೊಕ್ಕವಾಗಿ ಕಾಣುತ್ತಿದ್ದವು. ಅವಳಿಗೆ ಜಾಗ ಸಿಕ್ಕಿದ್ದು ಬೇರೆ ಊರಿನ ದಪ್ಪ ಹೆಂಗಸೊಬ್ಬಳ ಪಕ್ಕ. ಆ ಹೆಂಗಸು ತೊಡೆಯ ಮೇಲೆ ಎರಡು ತುಪ್ಪಳದ ಕೋಟು ಪೇರಿಸಿಕೊಂಡು ಬೀಸಣಿಗೆಯಂತೆ ಕರವಸ್ತ್ರ ಆಡಿಸುತ್ತಿದ್ದಳು.

“ನೋಡಮ್ಮ, ಮೊಮ್ಮಗಳು ನಡುಗ್ತಾಳೇನೋ ಅಂತ ನಂದೂ ಒಂದು ಕೋಟು ಹೆಚ್ಚಿಗೆ ಹೊತ್ಕೊಂಡು ಬಂದೆ,” ಎಂದಳು. “ಇಲ್ಲಿ ನೋಡಿದ್ರೆ ಜುಲೈ ತಿಂಗಳು! ನಮ್ಮೂರಿನ ಕೊಳದಲ್ಲಿ ಕೂತ್ರೆ ಹಲ್ಲು ಕಟಕಟ ಅನ್ನುತ್ತೆ. ನಿಮ್ಮೂರಿನ ಅದೃಷ್ಟ.”

“ಅದೃಷ್ಟ ಅಲ್ಲಮ್ಮ,” ಎಂದಳು ಉಲ್ಮೆಕೆನ್. “ಅದು ನನ್ನ ಕೆಲಸ.”

ಹೆಂಗಸು ಬೀಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು, ಕೈ ನೋಡಿದಳು. ಚೀಲದಿಂದ ಒಂದು ಹಿಡಿ ಒಣಮೊಸರಿನ ಉಂಡೆ ತೆಗೆದು ಅವಳ ಅಂಗೈಗೆ ಸುರಿದಳು. “ಹಾಗಾದ್ರೆ ತಿನ್ನು ತಾಯಿ. ಅಗೋ ನಮ್ಮವಳು, ಹಳದಿ ಟೋಪಿ, ನಾಲ್ಕನೇ ಸಾಲು. ನೀನೂ ಕೂಗು.”

ಸೀಟಿ ಊದಿತು, ಎಂಟು ಮಕ್ಕಳು ಒಟ್ಟಿಗೆ ನೀರಿಗೆ ಬಿದ್ದರು. ಅಷ್ಟು ವರ್ಷ ಅಲ್ಲಿ ದುಡಿದರೂ ಉಲ್ಮೆಕೆನ್ ಒಂದು ಪಂದ್ಯವನ್ನೂ ಮೊದಲಿಂದ ಕೊನೆಯವರೆಗೆ ನೋಡಿರಲಿಲ್ಲ. ಒಣಮೊಸರಿನ ಉಂಡೆಯನ್ನು ದವಡೆಗೆ ಒತ್ತಿಕೊಂಡು ಎದ್ದು ನಿಂತಳು. ಯಾರದೋ ಊರಿನ ಹಳದಿ ಟೋಪಿಗಾಗಿ, ಪಕ್ಕದವಳಿಗಿಂತ ಜೋರಾಗಿ, ಗಂಟಲು ಬಿಚ್ಚಿ ಕೂಗಿದಳು.